ಪಿಎಚ್‌ಪಿಪಿ: ಹೀಟ್ ಪಂಪ್ ಆರಿಸುವ ಮುನ್ನ ತುಂಬಬೇಕಾದ ಲೆಕ್ಕದ ಹಾಳೆಗಳು

ಕಟ್ಟಡಕ್ಕೆ ಶಾಖ, ತಂಪು, ಬಿಸಿನೀರು ಮತ್ತು ತಾಜಾ ಗಾಳಿ ಒದಗಿಸುವ ವ್ಯವಸ್ಥೆಯನ್ನು ರೂಪಿಸುವವರಿಗೆ ಇಂದು ತಂತ್ರಾಂಶಗಳ ಕೊರತೆಯಿಲ್ಲ. ಅವುಗಳ ಪೈಕಿ ನೋಟಕ್ಕೆ ಅತಿ ಸಾಧಾರಣವೆನಿಸುವುದು, ಪ್ಯಾಸಿವ್ ಹೌಸ್‌ಗಳನ್ನು, ಅಂದರೆ ಅತಿ ಕಡಿಮೆ ಶಕ್ತಿಯಲ್ಲೇ ಹಿತವಾಗಿರುವ ಕಟ್ಟಡಗಳನ್ನು, ಯೋಜಿಸಲು ಬಳಸುವ ಪ್ಯಾಸಿವ್ ಹೌಸ್ ಪ್ಲಾನಿಂಗ್ ಪ್ಯಾಕೇಜ್. ಈ ವೃತ್ತಿಯಲ್ಲಿರುವವರು ಅದನ್ನು ಪಿಎಚ್‌ಪಿಪಿ ಎಂದೇ ಕರೆಯುತ್ತಾರೆ. ಕಡತ ತೆರೆದಾಗ ಕಾಣಿಸುವುದು ಎಕ್ಸೆಲ್‌ನ ಹಾಳೆಗಳ ಉದ್ದನೆಯ ಸಾಲು ಮಾತ್ರ. ತಿರುಗಿಸಿ ನೋಡಬಹುದಾದ ಮೂರು ಆಯಾಮದ ಮಾದರಿಯಾಗಲಿ, ಗಾಳಿಯ ಹರಿವನ್ನು ಬಣ್ಣಗಳಲ್ಲಿ ತೋರಿಸುವ ಚಿತ್ರವಾಗಲಿ ಅದರಲ್ಲಿಲ್ಲ. ಹಾಗಿದ್ದರೂ ಶಕ್ತಿಯ ಬಳಕೆ ಅತಿ ಕಡಿಮೆಯಿರಬೇಕಾದ ಕಟ್ಟಡವೊಂದರ ಯಂತ್ರವ್ಯವಸ್ಥೆಯನ್ನು ಯೋಚಿಸುವಾಗ ನಾನು ಮೊದಲು ತೆರೆಯುವುದು ಇದನ್ನೇ, ಮತ್ತು ಕೆಲಸ ಅರ್ಧ ದಾರಿಗೆ ಬಂದಾಗ ಬೇರೆ ಸಾಧನವನ್ನು ಕೈಗೆತ್ತಿಕೊಳ್ಳುವಂತೆ ಮಾಡುವುದೂ ಇದೇ. ಎಲ್ಲಿಯವರೆಗೆ ಇದನ್ನು ನಂಬಬಹುದು, ಎಲ್ಲಿಂದ ಮುಂದೆ ನಂಬಬಾರದು ಎನ್ನುವುದು ಕೊಳ್ಳುವವರಿಗೆ ಮೊದಲೇ ತಿಳಿದಿದ್ದರೆ ಒಳ್ಳೆಯದು.

ಇದನ್ನು ಹೊರತಂದಿರುವುದು ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿರುವ ಪ್ಯಾಸಿವ್ ಹೌಸ್ ಇನ್‌ಸ್ಟಿಟ್ಯೂಟ್. ಭೌತವಿಜ್ಞಾನಿ ವೋಲ್ಫ್‌ಗಾಂಗ್ ಫೈಸ್ಟ್ 1996ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಅದಕ್ಕೂ ಮುಂಚೆ, 1988ರಲ್ಲಿ, ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಬೋ ಆಡಮ್ಸನ್ ಅವರೊಂದಿಗೆ ನಡೆದ ಚರ್ಚೆಗಳಿಂದ ಹುಟ್ಟಿದ ಕಲ್ಪನೆ, ಡಾರ್ಮ್‌ಸ್ಟಾಟ್‌ನ ಕ್ರಾನಿಖ್‌ಸ್ಟೈನ್ ಬಡಾವಣೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ನಾಲ್ಕು ಮನೆಗಳ ರೂಪ ಪಡೆಯಿತು. 1991ರಲ್ಲಿ ಜನ ಅಲ್ಲಿ ವಾಸಕ್ಕೆ ಬಂದರು. ಆರಂಭದ ತೇವವೆಲ್ಲ ಒಣಗಿದ ಮೇಲೆ ಅಲ್ಲಿ ಅಳೆದ ಶಾಖದ ಬಳಕೆ ಚದರ ಮೀಟರಿಗೆ ವರ್ಷಕ್ಕೆ 10 ಯೂನಿಟ್‌ನ ಆಸುಪಾಸಿನಲ್ಲಿ ನಿಂತಿತು. (ವಿದ್ಯುತ್ ಬಿಲ್ಲಿನಲ್ಲಿರುವ ಯೂನಿಟ್, ಅಂದರೆ ಕಿಲೋವ್ಯಾಟ್ ಗಂಟೆ, ಎನ್ನುವ ಅಳತೆಯನ್ನೇ ಶಾಖಕ್ಕೂ ಇಲ್ಲಿ ಬಳಸುತ್ತೇನೆ.) ಪಿಎಚ್‌ಪಿಪಿಯ ಮೊದಲ ಆವೃತ್ತಿ ಹೊರಬಂದದ್ದು 1998ರಲ್ಲಿ, ನಾನು ಬಳಸುತ್ತಿರುವುದು 10ನೆಯ ಆವೃತ್ತಿ. ಮೊದಲು ಮನೆ ಕಟ್ಟಿ, ಅಳೆದು, ಆಮೇಲೆ ಲೆಕ್ಕದ ವಿಧಾನವನ್ನು ಅದಕ್ಕೆ ತಾಳೆ ನೋಡಿದ ಈ ಕ್ರಮ ತಂತ್ರಾಂಶದ ಒಳಗೆ ಇಂದಿಗೂ ಕಾಣುತ್ತದೆ. ಎಲ್ಲೆಲ್ಲಿ ಆಶಾವಾದಕ್ಕೆ ಜಾಗವಿದೆಯೋ ಅಲ್ಲೆಲ್ಲ ಅದು ಬಿಗಿಯಾಗಿದೆ.

ಪ್ಯಾಸಿವ್ ಹೌಸ್ ಮಾನದಂಡದ ಮುಖ್ಯ ಅಂಕಿಗಳು ಪರಿಚಿತವೇ. ಶಾಖದ ಬೇಡಿಕೆ ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ ಮೀರಬಾರದು, ಅಥವಾ ಅತಿ ಕಠಿಣ ದಿನದ ಶಾಖದ ಹೊರೆ ಚದರ ಮೀಟರಿಗೆ 10 ವ್ಯಾಟ್ ಮೀರಬಾರದು. ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಹುಟ್ಟಿಸಿದಾಗ ಸಂದುಗೊಂದುಗಳಿಂದ ಗಂಟೆಗೆ ಸೋರುವ ಗಾಳಿ ಕಟ್ಟಡದ ಗಾಳಿಯ ಗಾತ್ರದ 0.6 ಪಾಲಿಗಿಂತ ಹೆಚ್ಚಿರಬಾರದು. ಇವುಗಳಲ್ಲಿ 15 ಎನ್ನುವುದು ಹೆಚ್ಚು ಪ್ರಸಿದ್ಧವಾದರೂ ಯಂತ್ರವ್ಯವಸ್ಥೆ ರೂಪಿಸುವವನಿಗೆ 10 ವ್ಯಾಟ್ ಎನ್ನುವುದೇ ಮುಖ್ಯ, ಏಕೆಂದರೆ ಆ ಅಂಕಿ ಬಂದಿರುವುದೇ ಯಂತ್ರದ ಕಡೆಯಿಂದ. ಒಬ್ಬ ಮನುಷ್ಯನಿಗೆ ಗಂಟೆಗೆ 30 ಘನ ಮೀಟರ್ ತಾಜಾ ಗಾಳಿ ಬೇಕು. ಒಬ್ಬರಿಗೆ 30 ಚದರ ಮೀಟರ್ ಜಾಗವೆಂದು ಹಿಡಿದರೆ ಪ್ರತಿ ಚದರ ಮೀಟರಿಗೆ ಗಂಟೆಗೆ 1 ಘನ ಮೀಟರ್ ಗಾಳಿ ಬರುತ್ತದೆ. ಆ ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು 0.33 ವ್ಯಾಟ್ ಗಂಟೆ ಸಾಕು. ಕೋಣೆಯ 20 ಡಿಗ್ರಿಯಿಂದ ಅದನ್ನು ಸುಮಾರು 50 ಡಿಗ್ರಿಯವರೆಗೆ ಕಾಯಿಸಬಹುದು, ಅದಕ್ಕಿಂತ ಮೇಲೆ ಹೋದರೆ ಧೂಳು ಸುಟ್ಟ ವಾಸನೆ ಬರತೊಡಗುತ್ತದೆ. ಮೂವತ್ತು ಡಿಗ್ರಿಗೆ 0.33ರ ಲೆಕ್ಕದಲ್ಲಿ ಸಿಗುವುದು 10 ವ್ಯಾಟ್. ಅಂದರೆ ಉಸಿರಾಟಕ್ಕೆ ಹೇಗಿದ್ದರೂ ಬೇಕಾದ ಗಾಳಿಯೇ ಮನೆಯನ್ನು ಬೆಚ್ಚಗಿಡಲೂ ಸಾಕಾಗುವ ಹಂತ ಅದು. ಬೇರೆ ರೇಡಿಯೇಟರ್, ನೆಲದಡಿಯ ಪೈಪು, ಬಾಯ್ಲರ್ ಕೋಣೆ ಯಾವುದೂ ಕಡ್ಡಾಯವಾಗದ ಗಡಿ.

ಪಿಎಚ್‌ಪಿಪಿ ಶಾಖದ ಹೊರೆಯನ್ನು ಕಂಡುಹಿಡಿಯುವ ರೀತಿ ನನಗೆ ಬಹಳ ಮೆಚ್ಚಿಗೆಯಾದ ಭಾಗ. ಸಾಂಪ್ರದಾಯಿಕ ಲೆಕ್ಕದಲ್ಲಿ ಅತಿ ಚಳಿಯ ಉಷ್ಣಾಂಶವೊಂದನ್ನು ಹಿಡಿದು, ಬಿಸಿಲನ್ನೂ ಮನುಷ್ಯರ ಮತ್ತು ಉಪಕರಣಗಳ ಶಾಖವನ್ನೂ ಬದಿಗಿಟ್ಟು, ಮೇಲೆ ಒಂದಿಷ್ಟು ಸುರಕ್ಷತೆಯ ಅಂಶ ಸೇರಿಸುವುದು ರೂಢಿ. ದಪ್ಪ ಇನ್ಸುಲೇಷನ್ ಇರುವ ಕಟ್ಟಡಕ್ಕೆ ಈ ಲೆಕ್ಕ ಹಾಕಿದರೆ ಬರುವ ಯಂತ್ರ ಬೇಕಾದದ್ದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾಗಿಬಿಡಬಹುದು. ಪಿಎಚ್‌ಪಿಪಿ ಎರಡು ಬಗೆಯ ದಿನಗಳನ್ನು ಎದುರುಬದುರು ಇಡುತ್ತದೆ: ಒಂದು, ಆಕಾಶ ನಿರ್ಮಲವಾಗಿದ್ದು ಬಿಸಿಲಿದ್ದರೂ ಕೊರೆಯುವ ಚಳಿಯ ದಿನ, ಇನ್ನೊಂದು, ಚಳಿ ಅಷ್ಟಿಲ್ಲದಿದ್ದರೂ ಮೋಡ ಮುಸುಕಿ ಬಿಸಿಲೇ ಇಲ್ಲದ ದಿನ. ಎರಡರಲ್ಲಿ ಯಾವುದು ಹೆಚ್ಚು ಶಾಖ ಕೇಳುತ್ತದೆಯೋ ಅದೇ ಹೊರೆ. ದಕ್ಷಿಣಕ್ಕೆ ದೊಡ್ಡ ಕಿಟಕಿಗಳಿರುವ ಮನೆಗೆ ಮೋಡದ ದಿನವೇ ಕಷ್ಟದ್ದೆಂದು ಗೊತ್ತಾದಾಗ ಕಿಟಕಿಯ ಗಾತ್ರದ ಬಗ್ಗೆ ವಾಸ್ತುಶಿಲ್ಪಿಯೊಂದಿಗೆ ನಡೆಯುವ ಮಾತಿನ ದಿಕ್ಕೇ ಬದಲಾಗುತ್ತದೆ.

ಲೆಕ್ಕದ ಬೆನ್ನೆಲುಬು ತಿಂಗಳ ತಿಂಗಳ ಶಾಖದ ಜಮಾಖರ್ಚು. ಇಡೀ ಕಟ್ಟಡವನ್ನು ಒಂದೇ ವಲಯವೆಂದು ಭಾವಿಸಿ, ಗೋಡೆ, ಸೂರು, ನೆಲ, ಕಿಟಕಿ ಮತ್ತು ಗಾಳಿಯ ಮೂಲಕ ಹೋಗುವುದನ್ನು ಒಂದು ಕಡೆ, ಬಿಸಿಲು ಮತ್ತು ಒಳಗಿನ ಮೂಲಗಳಿಂದ ಬರುವುದನ್ನು ಇನ್ನೊಂದು ಕಡೆ ಬರೆಯಲಾಗುತ್ತದೆ. ಮೂಲೆಗಳಲ್ಲಿ, ಬಾಲ್ಕನಿಯ ಬುಡದಲ್ಲಿ, ಕಿಟಕಿಯ ಚೌಕಟ್ಟು ಗೋಡೆಗೆ ಸೇರುವಲ್ಲಿ ಶಾಖ ಕಳ್ಳದಾರಿ ಹಿಡಿಯುವ ಜಾಗಗಳಿಗೂ ಪ್ರತ್ಯೇಕ ಸಾಲುಗಳಿವೆ. ಪ್ರತಿ ಕೋಶದ ಸೂತ್ರವನ್ನೂ ತೆರೆದು ನೋಡಬಹುದು. ಫಲಿತಾಂಶವೊಂದು ವಿಚಿತ್ರವೆನಿಸಿದರೆ ಅದು ಎಲ್ಲಿಂದ ಬಂತೆಂದು ಬೆರಳಿಟ್ಟುಕೊಂಡು ಹಿಂದೆ ಹೋಗುವ ಈ ಸೌಲಭ್ಯ, ಮುಚ್ಚಿದ ಪೆಟ್ಟಿಗೆಯಂತಿರುವ ಎಷ್ಟೋ ದುಬಾರಿ ತಂತ್ರಾಂಶಗಳಲ್ಲಿಲ್ಲ. ಹೊಸಬರಿಗೆ ಕಲಿಸುವಾಗ ಇದರಷ್ಟು ಒಳ್ಳೆಯ ಪಾಠದ ಸಾಧನವನ್ನು ನಾನು ಕಂಡಿಲ್ಲ.

ಇನ್ನು ಯಂತ್ರವ್ಯವಸ್ಥೆಗೆ ಬರೋಣ. ಹೊರಕವಚ ಚೆನ್ನಾಗಿರುವ ಕಟ್ಟಡದಲ್ಲಿ ಶಾಖದ ಬೇಡಿಕೆ ಕುಗ್ಗಿದ ಕೂಡಲೇ, ಇಷ್ಟು ದಿನ ಅದರ ನೆರಳಿನಲ್ಲಿ ಅಡಗಿದ್ದ ಬಾಬತ್ತುಗಳು ಮುನ್ನೆಲೆಗೆ ಬರುತ್ತವೆ. ಇದನ್ನು ಬಾಯಲ್ಲಿ ಎಲ್ಲರೂ ಒಪ್ಪುತ್ತಾರೆ, ಆದರೆ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದವರು ಕಡಿಮೆ. 150 ಚದರ ಮೀಟರಿನ, ನಾಲ್ಕು ಜನರಿರುವ ಒಂದು ಮನೆಯನ್ನು ತೆಗೆದುಕೊಳ್ಳೋಣ. ಮಾನದಂಡದ ಗಡಿಯಲ್ಲಿದ್ದರೆ ಅದರ ಶಾಖದ ಬೇಡಿಕೆ ವರ್ಷಕ್ಕೆ 2,250 ಯೂನಿಟ್. ಪಿಎಚ್‌ಪಿಪಿ ತಾನಾಗಿ ಹಿಡಿಯುವ ಬಿಸಿನೀರಿನ ಪ್ರಮಾಣ ತಲೆಗೆ ದಿನಕ್ಕೆ 60 ಡಿಗ್ರಿಯ 25 ಲೀಟರ್. ತಣ್ಣೀರು 10 ಡಿಗ್ರಿಯಲ್ಲಿ ಬರುತ್ತದೆಂದು ಇಟ್ಟುಕೊಂಡರೆ ತಲೆಗೆ ದಿನಕ್ಕೆ 1.45 ಯೂನಿಟ್, ನಾಲ್ವರಿಗೆ ವರ್ಷಕ್ಕೆ ಸುಮಾರು 2,120 ಯೂನಿಟ್. ಮನೆಯನ್ನು ಬೆಚ್ಚಗಿಡುವುದೂ ಸ್ನಾನದ ನೀರು ಕಾಯಿಸುವುದೂ ಹತ್ತಿರ ಹತ್ತಿರ ಸಮವಾದವು. ಈಗ ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಲೆಂದು ನೀರನ್ನು ಸದಾ ಸುತ್ತಿಸುತ್ತಿರುವ 30 ಮೀಟರ್ ಪೈಪನ್ನು ಸೇರಿಸಿ. ಒಳ್ಳೆಯ ಹೊದಿಕೆ ಇದ್ದರೂ ಮೀಟರಿಗೆ 8 ವ್ಯಾಟ್ ಸೋರಿದರೆ ಒಟ್ಟು 240 ವ್ಯಾಟ್. ಹಗಲಿರುಳು ಸುತ್ತಿದರೆ ವರ್ಷಕ್ಕೆ 2,100 ಯೂನಿಟ್. ಯಾರೂ ಮೈಮೇಲೆ ಸುರಿದುಕೊಳ್ಳದ ನೀರಿಗಾಗಿ ಇಡೀ ಮನೆ ಬೆಚ್ಚಗಿಡುವಷ್ಟು ಶಾಖ ಖರ್ಚಾಯಿತು. ಟ್ಯಾಂಕಿನ ಮೈಯಿಂದ ಸೋರುವ 60 ವ್ಯಾಟ್ ಇನ್ನೂ 525 ಯೂನಿಟ್ ಕೂಡಿಸುತ್ತದೆ. ಚಳಿಗಾಲದಲ್ಲಿ ಈ ಸೋರಿಕೆಯ ಒಂದು ಪಾಲು ಕೋಣೆಗಳಿಗೆ ಉಪಯೋಗಕ್ಕೆ ಬರುವುದು ನಿಜ. ಬೇಸಿಗೆಯಲ್ಲಿ ಅದೇ ಶಾಖ ಕೋಣೆಗಳನ್ನು ಬೇಯಿಸುತ್ತದೆ.

ಪಿಎಚ್‌ಪಿಪಿಯ ಬಿಸಿನೀರು ಮತ್ತು ವಿತರಣೆಯ ಹಾಳೆ ಈ ಹನಿಗೂಡಿ ಹಳ್ಳವಾಗುವ ನಷ್ಟಗಳನ್ನೆಲ್ಲ ಹೆಸರು ಹಿಡಿದು ಕೇಳುತ್ತದೆ. ಸುತ್ತು ಪೈಪಿನ ಉದ್ದ, ಅದರ ಹೊದಿಕೆಯ ದಪ್ಪ, ದಿನಕ್ಕೆ ಎಷ್ಟು ಗಂಟೆ ಪಂಪು ಓಡುತ್ತದೆ, ಪ್ರತಿ ನಲ್ಲಿಗೆ ಹೋಗುವ ಕವಲು ಪೈಪಿನ ಉದ್ದ, ಟ್ಯಾಂಕು ಬೆಚ್ಚಗಿನ ಕವಚದ ಒಳಗಿದೆಯೋ ಹೊರಗಿದೆಯೋ: ಎಲ್ಲಕ್ಕೂ ಕೋಶಗಳಿವೆ. ಪರಿಶೀಲನೆಗೆಂದು ನನ್ನ ಬಳಿ ಬಂದ ಕಡತವೊಂದರಲ್ಲಿ ಗೋಡೆಗಳ ಲೆಕ್ಕ ಮೂರು ದಶಮಾಂಶ ಸ್ಥಾನಗಳವರೆಗೆ ಅಚ್ಚುಕಟ್ಟಾಗಿತ್ತು, ಆದರೆ ಸುತ್ತು ಪೈಪಿನ ಉದ್ದದ ಕೋಶ ಖಾಲಿ ಬಿದ್ದಿತ್ತು. ನಕ್ಷೆಯಲ್ಲಿ ಪೈಪು ನೆಲಮಾಳಿಗೆಯಿಂದ ಮೇಲಿನ ಸ್ನಾನದ ಮನೆಯವರೆಗೆ ಹೋಗಿ ಹಿಂದಿರುಗುತ್ತಿತ್ತು. ಆ ಒಂದು ಕೋಶ ತುಂಬಿದ್ದೇ ತಡ, ಗೋಡೆಗೆ ಹೆಚ್ಚುವರಿಯಾಗಿ ಹೊದಿಸಿದ ಇನ್ಸುಲೇಷನ್ ಉಳಿಸಿದ್ದೆಲ್ಲ ಕೊಚ್ಚಿಹೋಯಿತು. ಸ್ನಾನದ ಮನೆಗಳನ್ನೂ ಅಡುಗೆ ಮನೆಯನ್ನೂ ಒಂದರ ಮೇಲೊಂದು ಬರುವಂತೆ ಕೂರಿಸಿ, ಕವಲು ಪೈಪುಗಳನ್ನು ಗಿಡ್ಡವಾಗಿಸಿ, ಸುತ್ತು ಪೈಪನ್ನೇ ಕೈಬಿಡುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ. ಆದರೆ ನಕ್ಷೆ ಅಂತಿಮವಾದ ಮೇಲೆ ಅದು ಯಾರ ಕೈಯಲ್ಲೂ ಆಗದ ಕೆಲಸ. ಹಾಗಾಗಿ ಈ ಹಾಳೆಯನ್ನು ಕೊನೆಯಲ್ಲಿ ತುಂಬುವ ರೂಢಿಯನ್ನು ಬಿಟ್ಟು ಗೋಡೆಗಳಿಗಿಂತ ಮುಂಚೆ ತುಂಬಬೇಕೆಂದು ನಾನು ಹೇಳುತ್ತೇನೆ. ಬಹುಮಹಡಿ ವಸತಿ ಕಟ್ಟಡಗಳಲ್ಲಂತೂ ರೋಗಾಣುಗಳು ಬೆಳೆಯದಂತೆ ಸುತ್ತು ನೀರನ್ನು 55ರಿಂದ 60 ಡಿಗ್ರಿಯಲ್ಲಿಡಬೇಕಾಗುವುದರಿಂದ ವಿತರಣೆಯ ನಷ್ಟವೇ ಅತಿ ದೊಡ್ಡ ಬಾಬತ್ತಾಗುವುದುಂಟು, ಮತ್ತು ಅಷ್ಟು ಬಿಸಿಯನ್ನು ಕೊಡುವಾಗ ಹೀಟ್ ಪಂಪಿನ (ಹೊರಗಿನ ಗಾಳಿ ಅಥವಾ ನೆಲದ ಶಾಖವನ್ನು ವಿದ್ಯುತ್ತಿನ ನೆರವಿನಿಂದ ಒಳಗೆ ತರುವ ಯಂತ್ರದ) ದಕ್ಷತೆಯೂ ಕುಸಿಯುತ್ತದೆ.

ಗಾಳಿಯ ಯಂತ್ರದ ವಿಷಯದಲ್ಲಿ ಪಿಎಚ್‌ಪಿಪಿ ತೋರುವ ಅನುಮಾನ ನನಗೆ ಇಷ್ಟ. ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ ಕನಿಷ್ಠ 75 ಪ್ರತಿಶತ ಶಾಖವನ್ನು ಮರಳಿಸಬೇಕು, ಘನ ಮೀಟರಿಗೆ 0.45 ವ್ಯಾಟ್ ಗಂಟೆಗಿಂತ ಹೆಚ್ಚು ವಿದ್ಯುತ್ ತಿನ್ನಬಾರದು ಎನ್ನುವುದು ಸಂಸ್ಥೆಯ ಷರತ್ತು. ಸಂಸ್ಥೆಯ ಪ್ರಮಾಣಪತ್ರವಿಲ್ಲದ ಯಂತ್ರವಾದರೆ ತಯಾರಕರು ಹೇಳುವ ದಕ್ಷತೆಯಿಂದ 12 ಅಂಶಗಳನ್ನು ಕಳೆದು ಬರೆಯಬೇಕು. ಕೈಪಿಡಿಯಲ್ಲಿ 85 ಎಂದಿರುವ ಯಂತ್ರ ಹಾಳೆಯಲ್ಲಿ 73 ಆಗಿ, ಷರತ್ತಿನ ಕೆಳಗೆ ಬೀಳುತ್ತದೆ. ಕ್ರೂರವೆನಿಸಬಹುದು, ಆದರೆ ಫ್ಯಾನಿನ ಮೋಟಾರಿನ ಶಾಖವನ್ನೂ ಪೆಟ್ಟಿಗೆಯೊಳಗಿನ ಸೋರಿಕೆಯನ್ನೂ ದಕ್ಷತೆಯ ಲೆಕ್ಕಕ್ಕೆ ಸೇರಿಸಿಕೊಳ್ಳುವ ಮಾಪನಗಳು ಇರುವವರೆಗೆ ಈ ಕ್ರೌರ್ಯ ನ್ಯಾಯವೇ. ಯಂತ್ರದಿಂದ ಹೊರಗೋಡೆಯವರೆಗಿನ ಕೊಳವೆಯ ಉದ್ದವನ್ನೂ ಹಾಳೆ ಕೇಳುತ್ತದೆ. ಬೆಚ್ಚನೆಯ ಮನೆಯೊಳಗೆ ಹಾದುಹೋಗುವ ತಣ್ಣನೆಯ ಕೊಳವೆ ಉದ್ದವಾದಷ್ಟೂ ಮರಳಿಸಿದ ಶಾಖ ಕಳೆದುಹೋಗುತ್ತದೆ. ಗಂಟೆಗೆ 120 ಘನ ಮೀಟರ್ ಗಾಳಿ ಓಡಿಸುವ, ಶಾಖದ 80 ಪ್ರತಿಶತವನ್ನು ಮರಳಿಸುವ ಯಂತ್ರ, ಒಳಗೂ ಹೊರಗೂ 15 ಡಿಗ್ರಿ ಅಂತರವಿದ್ದಾಗ ಸುಮಾರು 475 ವ್ಯಾಟ್ ಶಾಖವನ್ನು ಉಳಿಸುತ್ತದೆ. ಅದಕ್ಕಾಗಿ 54 ವ್ಯಾಟ್ ವಿದ್ಯುತ್ ಖರ್ಚು ಮಾಡುತ್ತದೆ. ಸುಮಾರು ಒಂದಕ್ಕೆ ಒಂಬತ್ತು ಎನ್ನುವ ಈ ಪ್ರಮಾಣವನ್ನು ಯಾವ ಹೀಟ್ ಪಂಪೂ ಸುಲಭವಾಗಿ ಮುಟ್ಟಲಾರದು. ಆದರೆ ಅಂತರ 3 ಡಿಗ್ರಿಗೆ ಇಳಿದ ದಿನ ಅದೇ ಯಂತ್ರ ಉಳಿಸುವುದು 95 ವ್ಯಾಟ್ ಮಾತ್ರ. ಸೌಮ್ಯ ಹವಾಮಾನದ ಕಟ್ಟಡಕ್ಕೆ ಇದನ್ನು ಕಣ್ಣುಮುಚ್ಚಿ ಹಾಕಿಸುವವರು ಹವಾಮಾನದ ಹಾಳೆಯನ್ನು ಇನ್ನೊಮ್ಮೆ ನೋಡಬೇಕು.

ಹೀಟ್ ಪಂಪಿನ ಹಾಳೆಗೆ ಬಂದಾಗ ನನ್ನ ಮೆಚ್ಚುಗೆ ತಗ್ಗುತ್ತದೆ. ಬೇರೆ ಬೇರೆ ಉಷ್ಣಾಂಶಗಳಲ್ಲಿ ಪರೀಕ್ಷಿಸಿದ ಸಾಮರ್ಥ್ಯ ಮತ್ತು ದಕ್ಷತೆಯ ಅಂಕಿಗಳನ್ನು ತುಂಬಿದರೆ ಅದು ಇಡೀ ವರ್ಷದ ಸರಾಸರಿ ದಕ್ಷತೆಯನ್ನು ಕೊಡುತ್ತದೆ, ಮತ್ತು ಆ ಸರಾಸರಿ ವಾರ್ಷಿಕ ಲೆಕ್ಕಕ್ಕೆ ಸಾಕು. ಆದರೆ ಯಂತ್ರವನ್ನು ಆರಿಸುವವನ ಪ್ರಶ್ನೆ ಬೇರೆ. ನಮ್ಮ 150 ಚದರ ಮೀಟರಿನ ಮನೆಯ ಅತಿ ಕಠಿಣ ದಿನದ ಹೊರೆ 1.5 ಕಿಲೋವ್ಯಾಟ್, ಸಾಧಾರಣ ಚಳಿಯ ದಿನ ಅರ್ಧ ಕಿಲೋವ್ಯಾಟ್ ಇದ್ದರೆ ಹೆಚ್ಚು. ಸಾಮಾನ್ಯ ಮನೆಗಳಿಗೆಂದು ತಯಾರಾದ 6 ಅಥವಾ 8 ಕಿಲೋವ್ಯಾಟಿನ ಹೀಟ್ ಪಂಪು ಎಷ್ಟೇ ತಗ್ಗಿ ಓಡಿದರೂ ಆ ಅರ್ಧ ಕಿಲೋವ್ಯಾಟಿಗೆ ಇಳಿಯುವುದಿಲ್ಲ. ಆದ್ದರಿಂದ ಅದು ಕೆಲ ನಿಮಿಷ ಓಡಿ ನಿಂತು, ಮತ್ತೆ ಓಡಿ ನಿಂತು, ಪ್ರತಿ ಆರಂಭದಲ್ಲೂ ಒಂದಿಷ್ಟು ವಿದ್ಯುತ್ತನ್ನೂ ಕಂಪ್ರೆಸರಿನ ಆಯಸ್ಸನ್ನೂ ಕಳೆಯುತ್ತದೆ. ಸರಾಸರಿಗಳ ಮೇಲೆ ನಿಂತಿರುವ ಲೆಕ್ಕಕ್ಕೆ ಈ ಓಡಿ ನಿಲ್ಲುವ ಆಟ ಕಾಣಿಸುವುದಿಲ್ಲ.

ಹಾಗಾದರೆ 1.5 ಕಿಲೋವ್ಯಾಟಿನ ಪುಟ್ಟ ಯಂತ್ರವನ್ನೇ ಹಾಕಬಹುದಲ್ಲ ಎಂದರೆ, ಅಲ್ಲಿ ಬಿಸಿನೀರು ಅಡ್ಡ ಬರುತ್ತದೆ. 200 ಲೀಟರಿನ ಟ್ಯಾಂಕನ್ನು 10ರಿಂದ 50 ಡಿಗ್ರಿಗೆ ಕಾಯಿಸಲು 9.3 ಯೂನಿಟ್ ಶಾಖ ಬೇಕು. 1.5 ಕಿಲೋವ್ಯಾಟಿನ ಯಂತ್ರಕ್ಕೆ ಅದು ಆರು ಗಂಟೆಗೂ ಹೆಚ್ಚಿನ ಕೆಲಸ, ಮತ್ತು ಆ ಆರು ಗಂಟೆ ಕೋಣೆಗಳಿಗೆ ಶಾಖ ಹೋಗುವುದಿಲ್ಲ. ಒಳ್ಳೆಯ ಹೊರಕವಚದ ಮನೆ ಅಷ್ಟು ಹೊತ್ತಿನಲ್ಲಿ ತಣ್ಣಗಾಗುವುದಿಲ್ಲ ಎನ್ನುವುದೇ ಇಲ್ಲಿನ ಸಮಾಧಾನ. ಆದರೆ ಬೆಳಿಗ್ಗೆ ನಾಲ್ವರೂ ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಹೋಗುವ ಮನೆಯಲ್ಲಿ ಟ್ಯಾಂಕಿನ ಗಾತ್ರ, ಅದು ಕಾಯುವ ಹೊತ್ತು ಮತ್ತು ಯಂತ್ರದ ಸಾಮರ್ಥ್ಯ ಮೂರನ್ನೂ ಒಟ್ಟಿಗೆ ತೂಗಿ ನೋಡಬೇಕಾಗುತ್ತದೆ. ಅಂದರೆ ಅತಿ ದಕ್ಷ ಮನೆಯಲ್ಲಿ ಯಂತ್ರದ ಗಾತ್ರವನ್ನು ನಿರ್ಧರಿಸುವುದು ಚಳಿಯಲ್ಲ, ಸ್ನಾನ. ಈ ತೂಗಿ ನೋಡುವ ಕೆಲಸ ದಿನದೊಳಗಿನ ಗಂಟೆಗಳಲ್ಲಿ ನಡೆಯುವಂಥದ್ದು, ಪಿಎಚ್‌ಪಿಪಿಗೆ ತಿಂಗಳಿನೊಳಗಿನ ಗಂಟೆಗಳು ಗೊತ್ತಿಲ್ಲ. ಗಾಳಿಯ ಯಂತ್ರ, ಪುಟ್ಟ ಹೀಟ್ ಪಂಪು, ಟ್ಯಾಂಕು ಮೂರೂ ಒಂದೇ ಪೆಟ್ಟಿಗೆಯಲ್ಲಿರುವ ಕಾಂಪ್ಯಾಕ್ಟ್ ಘಟಕಗಳಿಗೆ ಪಿಎಚ್‌ಪಿಪಿಯಲ್ಲಿ ಪ್ರತ್ಯೇಕ ಹಾಳೆಯಿದೆ, ಮತ್ತು ಅಂಥ ಘಟಕಗಳು ಹುಟ್ಟಿಕೊಂಡದ್ದೇ ಈ ಸಮಸ್ಯೆಗೆ ಉತ್ತರವಾಗಿ. ಅವುಗಳನ್ನು ಬಳಸುವುದಾದರೆ ಹಾಳೆಯ ಮಿತಿ ಅಷ್ಟಾಗಿ ಕಾಡುವುದಿಲ್ಲ.

ವಿದ್ಯುತ್ತಿನ ಮೂಲವನ್ನು ತೂಗುವ ರೀತಿಯಲ್ಲಿ 2015ರಲ್ಲಿ ಬಂದ 9ನೆಯ ಆವೃತ್ತಿ ದೊಡ್ಡ ಬದಲಾವಣೆ ತಂದಿತು. ಅಲ್ಲಿಯವರೆಗೆ ಕಲ್ಲಿದ್ದಲು, ಅನಿಲಗಳಿಂದ ಬರುವ ಇಂದಿನ ವಿದ್ಯುತ್ತನ್ನೇ ಆಧಾರವಾಗಿಟ್ಟುಕೊಂಡು ಮೂಲ ಶಕ್ತಿಯನ್ನು, ಅಂದರೆ ಮನೆಗೆ ತಲುಪುವ ಶಕ್ತಿಗಾಗಿ ಮೂಲದಲ್ಲಿ ಖರ್ಚಾಗುವುದನ್ನು, ಎಣಿಸಲಾಗುತ್ತಿತ್ತು. ಹೊಸ ವಿಧಾನ ಪೂರ್ತಿ ಗಾಳಿ, ಬಿಸಿಲು, ನೀರುಗಳ ಮೇಲೆ ನಡೆಯುವ ನಾಳಿನ ವಿದ್ಯುತ್ ಜಾಲವನ್ನು ಕಲ್ಪಿಸಿಕೊಳ್ಳುತ್ತದೆ. ಬೇಕಾದ ಹೊತ್ತಿಗೆ ನೇರವಾಗಿ ಸಿಗುವ ವಿದ್ಯುತ್ತಿಗೆ ಕಡಿಮೆ ತೂಕ, ಬೇಸಿಗೆಯಲ್ಲಿ ಉತ್ಪಾದಿಸಿ ಚಳಿಗಾಲಕ್ಕೆಂದು ಕೂಡಿಟ್ಟು, ಆ ಕೂಡಿಡುವಿಕೆಯಲ್ಲೇ ಬಹುಪಾಲು ಕಳೆದುಕೊಂಡು ಕೊಡುವ ವಿದ್ಯುತ್ತಿಗೆ ಹೆಚ್ಚು ತೂಕ. ಹೀಗಾಗಿ ಚಳಿಗಾಲದ ಒಂದು ಯೂನಿಟ್ ಉಳಿತಾಯ ವರ್ಷವಿಡೀ ಹರಡಿದ ಒಂದು ಯೂನಿಟ್ ಉಳಿತಾಯಕ್ಕಿಂತ ಹೆಚ್ಚು ಬೆಲೆಬಾಳುತ್ತದೆ. ಈ ಲೆಕ್ಕದಲ್ಲಿ ಪ್ಯಾಸಿವ್ ಹೌಸಿಗೆ ಮೂರು ದರ್ಜೆಗಳು: ಬಳಕೆ ವರ್ಷಕ್ಕೆ ಚದರ ಮೀಟರಿಗೆ 60 ಯೂನಿಟ್ ಒಳಗಿದ್ದರೆ ಕ್ಲಾಸಿಕ್, 45ರ ಒಳಗಿದ್ದರೆ ಪ್ಲಸ್, 30ರ ಒಳಗಿದ್ದರೆ ಪ್ರೀಮಿಯಂ. ಕೊನೆಯ ಎರಡಕ್ಕೆ ಕಟ್ಟಡ ಆವರಿಸಿದ ನೆಲದ ಚದರ ಮೀಟರಿಗೆ ಕ್ರಮವಾಗಿ 60 ಮತ್ತು 120 ಯೂನಿಟ್ ಉತ್ಪಾದನೆಯೂ ಬೇಕು.

ಉತ್ಪಾದನೆಯನ್ನು ಒಳಗಿನ ವಿಸ್ತೀರ್ಣಕ್ಕೆ ಬದಲಾಗಿ ಆವರಿಸಿದ ನೆಲಕ್ಕೆ ಕಟ್ಟಿರುವುದು ಬುದ್ಧಿವಂತಿಕೆಯ ತೀರ್ಮಾನ. ಹತ್ತು ಮಹಡಿಯ ಕಟ್ಟಡಕ್ಕೂ ಒಂದಂತಸ್ತಿನ ಮನೆಗೂ ಸೂರು ಒಂದೇ ಅಲ್ಲವೇ? ಬೇಸಿಗೆಯಲ್ಲಿ ಸೌರ ಫಲಕಗಳಿಂದ ಹೊಮ್ಮಿದ ಯೂನಿಟ್‌ಗಳನ್ನು ಚಳಿಗಾಲದ ಯೂನಿಟ್‌ಗಳೊಂದಿಗೆ ಕೂಡಿ ಕಳೆದು ಸೊನ್ನೆ ತೋರಿಸುವ ಜಾಣತನಕ್ಕೆ ಇಲ್ಲಿ ಎಡೆಯಿಲ್ಲ. ಆದರೆ ನಾಳಿನ ಜಾಲದ ಈ ಅಂಶಗಳು ಇಂದಿನ ಬಿಲ್ಲನ್ನಾಗಲಿ ಇಂದಿನ ಹೊಗೆಯನ್ನಾಗಲಿ ಹೇಳುವುದಿಲ್ಲ. ಸ್ವಂತ ಸೌರ ವಿದ್ಯುತ್ತಿನಲ್ಲಿ ಎಷ್ಟು ಮನೆಯಲ್ಲೇ ಬಳಕೆಯಾಗುತ್ತದೆ, ಬ್ಯಾಟರಿ ಎಷ್ಟು ದೊಡ್ಡದಿರಬೇಕು ಎಂದು ಕೇಳುವ ಮಾಲೀಕರಿಗೆ ಉತ್ತರ ಕೊಡಲು ಗಂಟೆಗಂಟೆಯ ಲೆಕ್ಕವೇ ಬೇಕು.

ಬೇಸಿಗೆಯ ಭಾಗವೇ ನನ್ನ ಮುಖ್ಯ ತಕರಾರು. ಯಂತ್ರದ ತಂಪು ಇಲ್ಲದ ಕಟ್ಟಡದಲ್ಲಿ 25 ಡಿಗ್ರಿ ಮೀರುವ ಹೊತ್ತು ವರ್ಷದ 10 ಪ್ರತಿಶತಕ್ಕಿಂತ ಹೆಚ್ಚಿರಬಾರದೆಂಬ ನಿಯಮವಿದೆ. ಆದರೆ ಕಟ್ಟಡವೆಲ್ಲ ಒಂದೇ ವಲಯವೆನ್ನುವ ಭಾವನೆ ಇಲ್ಲಿ ಸೋಲುತ್ತದೆ. ಪಶ್ಚಿಮಕ್ಕೆ ಗಾಜಿನ ಗೋಡೆಯಿರುವ ಮೇಲಿನ ಮಲಗುವ ಕೋಣೆ ಸಂಜೆ ಕುದಿಯುತ್ತಿರುವಾಗ, ಉತ್ತರದ ಕೆಳಕೋಣೆ ತಂಪಾಗಿದ್ದರೆ, ಹಾಳೆ ಎರಡರ ಸರಾಸರಿಯನ್ನು ತೋರಿಸಿ ಎಲ್ಲವೂ ಸರಿಯಿದೆ ಎನ್ನುತ್ತದೆ. ರಾತ್ರಿ ಕಿಟಕಿ ತೆರೆದು ತಂಪು ತುಂಬಿಕೊಳ್ಳುವುದನ್ನು ತುಂಬುವ ಕೋಶಗಳೂ ನಿವಾಸಿಗಳ ಶಿಸ್ತನ್ನು ನಂಬಿಕೊಂಡಿವೆ. ಹೊಸ ಆವೃತ್ತಿಗಳು ತೇವಾಂಶವನ್ನು ಗಂಭೀರವಾಗಿ ತೆಗೆದುಕೊಂಡಿವೆ: ಕಿಲೋಗ್ರಾಂ ಗಾಳಿಗೆ 12 ಗ್ರಾಂ ನೀರಾವಿ ಮೀರುವ ಹೊತ್ತನ್ನು ಎಣಿಸುತ್ತವೆ, ತಂಪು ಕೊಡುವ ಬಗೆಗಳನ್ನು ಬೇರ್ಪಡಿಸಿ, ತೇವ ತೆಗೆಯುವ ಯಂತ್ರಕ್ಕೂ ಸ್ಥಾನ ಕೊಡುತ್ತವೆ. ಆದರೂ ಬಿಸಿ ಮತ್ತು ತೇವ ಎರಡೂ ಇರುವ ಹವಾಮಾನದಲ್ಲಿ ಅತಿ ದಕ್ಷ ಕಟ್ಟಡದ ನಿಜವಾದ ತೊಡಕು ಬೇರೆಯೇ. ಒಳ್ಳೆಯ ಗೋಡೆ, ನೆರಳಿರುವ ಕಿಟಕಿಗಳು ಬಿಸಿಯ ಹೊರೆಯನ್ನು ತಗ್ಗಿಸುತ್ತವೆ, ಆದರೆ ತಾಜಾ ಗಾಳಿಯೊಂದಿಗೆ ಬರುವ ನೀರಾವಿ, ಉಸಿರು, ಅಡುಗೆ, ಸ್ನಾನಗಳ ತೇವ ಅಷ್ಟೇ ಇರುತ್ತದೆ. ಏರ್ ಕಂಡೀಷನರ್ ಕೋಣೆಯನ್ನು ಬೇಗ ತಣ್ಣಗಾಗಿಸಿ ನಿಂತುಬಿಡುತ್ತದೆ. ನೀರು ಇಳಿಸುವಷ್ಟು ಹೊತ್ತು ಅದು ಓಡುವುದೇ ಇಲ್ಲ. ಥರ್ಮಾಮೀಟರ್ ಸರಿಯಾಗಿದ್ದರೂ ಗೋಡೆಯ ಮೂಲೆಯಲ್ಲಿ ಬೂಷ್ಟು ಬರುತ್ತದೆ. ಅಂಥ ಕಡೆ ತೇವ ತೆಗೆಯುವ ಕೆಲಸವನ್ನು ತಣ್ಣಗಾಗಿಸುವ ಕೆಲಸದಿಂದ ಬೇರ್ಪಡಿಸಿ, ಗಾಳಿಯ ಯಂತ್ರದ ಹಾದಿಯಲ್ಲೇ ತೇವ ತೆಗೆಯುವ ಘಟಕ ಇಡಬೇಕಾಗುತ್ತದೆ. ಒಳಬರುವ ಗಾಳಿಯ ತೇವವನ್ನು ಹೊರಹೋಗುವ ಗಾಳಿಗೆ ದಾಟಿಸುವ ಪೊರೆಯಿರುವ ಯಂತ್ರವೂ ಒಳ್ಳೆಯ ಆಯ್ಕೆ. ಈ ತೀರ್ಮಾನಕ್ಕೆ ತಿಂಗಳ ಸರಾಸರಿ ತೀರಾ ಒರಟು ಸಾಧನ.

ಈ ಕೊರತೆ ತುಂಬುವ ಸಾಧನಗಳಿವೆ. ಅಮೆರಿಕದ ಶಕ್ತಿ ಇಲಾಖೆ 2001ರಿಂದ ಹೊರತರುತ್ತಿರುವ ಎನರ್ಜಿಪ್ಲಸ್ ಉಚಿತ, ಹಲವು ವಲಯಗಳನ್ನು ಬಿಡಿಯಾಗಿ ನೋಡುತ್ತದೆ, ವರ್ಷದ 8,760 ಗಂಟೆಗಳನ್ನೂ ಇನ್ನೂ ಸಣ್ಣ ಹಂತಗಳಲ್ಲಿ ಓಡಿಸುತ್ತದೆ. ಯಂತ್ರ ಯಾವ ಹೊತ್ತಿನಲ್ಲಿ ಎಷ್ಟು ಹೊರೆಯಲ್ಲಿ ಓಡಿತು, ಯಾವ ಕೋಣೆ ಯಾವ ಸಂಜೆ ಬೆವರಿತು ಎಂಬುದೆಲ್ಲ ಅದರಿಂದ ತಿಳಿಯುತ್ತದೆ. ಆದರೆ ಅದಕ್ಕೆ ಕೊಡಬೇಕಾದ ಮಾಹಿತಿಯೂ ಅಪಾರ, ಮತ್ತು ಏನನ್ನೂ ಯೋಚಿಸದೆ ತಾನಾಗಿ ತುಂಬಿಕೊಂಡ ಅಂಕಿಗಳ ಮೇಲೆ ಸುಂದರವಾದ ಸುಳ್ಳು ರೇಖಾಚಿತ್ರವೊಂದು ಮೂಡಿಬರುವ ಅಪಾಯ ಅಲ್ಲಿ ದೊಡ್ಡದು. ಪಿಎಚ್‌ಪಿಪಿಯ ಜಮಾಖರ್ಚನ್ನು ಒಮ್ಮೆ ಕೈಯಾರೆ ಮಾಡಿ ಮುಗಿಸಿದವರಿಗೆ ಎನರ್ಜಿಪ್ಲಸ್‌ನ ಫಲಿತಾಂಶ ಹಳಿ ತಪ್ಪಿದ್ದು ಕೂಡಲೇ ಗೊತ್ತಾಗುತ್ತದೆ. ನಾನು ಎರಡನ್ನೂ ಈ ಕ್ರಮದಲ್ಲೇ ಬಳಸುವುದು.

ಪಿಎಚ್‌ಪಿಪಿಯ ಅಂಕಿಗಳು ನಿಜ ಜೀವನದಲ್ಲಿ ನಿಲ್ಲುತ್ತವೆಯೇ ಎಂಬ ಪ್ರಶ್ನೆಗೆ ಹಳೆಯದಾದರೂ ಗಟ್ಟಿಯಾದ ಆಧಾರವಿದೆ. 1998ರಿಂದ 2001ರವರೆಗೆ ನಡೆದ ಸೆಫಿಯಸ್ ಎಂಬ ಐರೋಪ್ಯ ಯೋಜನೆಯಲ್ಲಿ ಐದು ದೇಶಗಳ 221 ವಸತಿ ಘಟಕಗಳು ನಿರ್ಮಾಣವಾದವು, ಅವುಗಳಲ್ಲಿ ಅನೇಕವನ್ನು ಅಳೆಯಲಾಯಿತು. ಒಂದೇ ಬಗೆಯ ಮನೆಗಳ ಸಾಲಿನಲ್ಲಿ ಒಂದು ಕುಟುಂಬ ಇನ್ನೊಂದಕ್ಕಿಂತ ಹಲವು ಪಟ್ಟು ಹೆಚ್ಚು ಬಳಸಿದ್ದುಂಟು; ಆದರೆ ಸಾಲಿನ ಸರಾಸರಿ ಲೆಕ್ಕದ ಹತ್ತಿರ ಬಂತು. ಒಂದೇ ಮನೆಯ ಬಿಲ್ಲನ್ನು ಮುಂದಿಟ್ಟು ತಂತ್ರಾಂಶವನ್ನು ಹೊಗಳುವುದೂ ತೆಗಳುವುದೂ ಆದ್ದರಿಂದ ವ್ಯರ್ಥ.

ದಿನನಿತ್ಯದ ಬಳಕೆಯ ಕಿರಿಕಿರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಗೋಡೆ, ಕಿಟಕಿಗಳ ಅಳತೆಯನ್ನು ಒಂದೊಂದಾಗಿ ಬೆರಳಚ್ಚಿಸುವುದು ಬೇಸರದ ಕೆಲಸ. ಮೂರು ಆಯಾಮದ ನಕ್ಷೆ ಬಿಡಿಸುವ ಸ್ಕೆಚ್‌ಅಪ್ ತಂತ್ರಾಂಶಕ್ಕೆ ಜೋಡಿಸುವ ಡಿಸೈನ್‌ಪಿಎಚ್ ಎಂಬ ಉಪಾಂಗ ಅದನ್ನು ಬಹಳ ಹಗುರಾಗಿಸುತ್ತದೆ, ಆದರೆ ಅದನ್ನು ಬೇರೆಯಾಗಿ ಕೊಳ್ಳಬೇಕು. ಕಿಟಕಿಗಳ ನೆರಳನ್ನು ಕೈಯಿಂದ ತುಂಬುವಾಗ ಅಕ್ಕಪಕ್ಕದ ಮರ, ಕಟ್ಟಡಗಳನ್ನು ದೂರ ಮತ್ತು ಎತ್ತರವೆಂಬ ಎರಡು ಅಂಕಿಗಳಿಗೆ ಇಳಿಸಬೇಕಾಗುವುದು ಹಿಂಸೆ. ಒಂದೇ ಕಡತದೊಳಗೆ ಹಲವು ಪರ್ಯಾಯಗಳನ್ನು ಇಟ್ಟು ಹೋಲಿಸುವ ಹಾಳೆ ಅಮೂಲ್ಯವಾದದ್ದು. ಮೂರು ಬಗೆಯ ಕಿಟಕಿ, ಎರಡು ಬಗೆಯ ಗಾಳಿಯ ಯಂತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಮಾಲೀಕರೊಂದಿಗಿನ ಸಭೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಕೈಪಿಡಿ ದಪ್ಪವಾಗಿದ್ದರೂ ಸ್ಪಷ್ಟವಾಗಿದೆ, ಅದನ್ನು ಓದದೆ ಶುರು ಮಾಡಿದವರು ಲೆಕ್ಕಕ್ಕೆ ಹಿಡಿಯಬೇಕಾದ ನೆಲದ ವಿಸ್ತೀರ್ಣದಲ್ಲೇ ಎಡವುತ್ತಾರೆ. ಮೆಟ್ಟಿಲು, ಒಳಗೋಡೆಗಳನ್ನು ಬಿಟ್ಟು, ತಗ್ಗು ಸೂರಿನ ಜಾಗವನ್ನು ಅರ್ಧವಾಗಿಸಿ ಎಣಿಸುವ ಆ ವಿಸ್ತೀರ್ಣವೇ ಉಳಿದೆಲ್ಲ ಅಂಕಿಗಳ ಛೇದ.

ಒಂದು ಮನೆ ಕಟ್ಟಿಸುತ್ತಿರುವ ಮಾಲೀಕರು ಇದನ್ನು ಸ್ವತಃ ಕೊಂಡು ಕಲಿಯಬೇಕಾಗಿಲ್ಲ. ತಮ್ಮ ಸಲಹೆಗಾರರಿಂದ ತುಂಬಿದ ಕಡತವನ್ನೇ ಕೇಳಿ ಪಡೆದು, ಬಿಸಿನೀರಿನ ಹಾಳೆ ಮತ್ತು ಗಾಳಿಯ ಹಾಳೆ ಎರಡನ್ನು ತೆರೆದು ನೋಡಿದರೂ ಎಷ್ಟೋ ವಿಷಯ ತಿಳಿಯುತ್ತದೆ. ವಾಸ್ತುಶಿಲ್ಪಿಗಳಿಗೂ ಸಣ್ಣ ವಸತಿ ಕಟ್ಟಡಗಳ ಎಂಜಿನಿಯರುಗಳಿಗೂ ನಾನು ಹಿಂಜರಿಯದೆ ಇದನ್ನು ಶಿಫಾರಸು ಮಾಡುತ್ತೇನೆ. ದೊಡ್ಡ ಕಚೇರಿ, ಆಸ್ಪತ್ರೆ, ಗಾಜು ತುಂಬಿದ ಕಟ್ಟಡಗಳನ್ನು ಮಾಡುವವರು ಇದನ್ನು ಮೊದಲ ಅಂದಾಜಿಗೂ ಕೊನೆಯ ತಾಳೆಗೂ ಬಳಸಿ, ನಡುವಿನ ಕೆಲಸವನ್ನು ಗಂಟೆಯ ಲೆಕ್ಕದ ತಂತ್ರಾಂಶಕ್ಕೆ ಬಿಡುವುದು ಕ್ಷೇಮ. ಮುಂದಿನ ಆವೃತ್ತಿಯಲ್ಲಿ ನನಗೆ ಬೇಕಾದದ್ದು ಒಂದೇ ಹಾಳೆ: ಒಂದು ದಿನದ 24 ಗಂಟೆಗಳಲ್ಲಿ ಬಿಸಿನೀರನ್ನು ಯಾವಾಗ ಎಷ್ಟು ಎಳೆಯುತ್ತಾರೆಂದು ತುಂಬಿದರೆ, ಟ್ಯಾಂಕಿನ ಲೀಟರನ್ನೂ ಹೀಟ್ ಪಂಪಿನ ಕಿಲೋವ್ಯಾಟನ್ನೂ ಜೊತೆಯಾಗಿ ಹೇಳುವ ಹಾಳೆ. ಅಲ್ಲಿಯವರೆಗೆ ಆ ಲೆಕ್ಕವನ್ನು ಕಡತದ ಕೊನೆಯಲ್ಲಿ ಖಾಲಿ ಹಾಳೆಯೊಂದನ್ನು ಸೇರಿಸಿ ನಾವೇ ಬರೆದುಕೊಳ್ಳಬೇಕು. ಎಕ್ಸೆಲ್ ಆಗಿರುವುದರಿಂದ ಅದಕ್ಕೆ ಅಡ್ಡಿಯಿಲ್ಲ.